ಅರ್ಧ ಕೊಯ್ದ ಮರ

ಕ್ರಿಸ್ಮಸ್ ಮರ ಮಾರುವ ತೋಟದ ಕೌಂಟರಿನ ಮೇಲಿದ್ದ ಫೋಟೊ ಕಂಡದ್ದೇ ಉತ್ತಮ್ ನಿಂತಲ್ಲೇ ನಿಂತುಬಿಟ್ಟ. ಬಿಳಿ ಕೂದಲು, ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದು, ಕಣ್ಣು ಸಣ್ಣದಾಗುವಷ್ಟು ನಗು. ಕೆಳಗೆ ಯಾರೋ ಕೈಬರಹದಲ್ಲಿ ಬರೆದಿದ್ದರು: ನಮ್ಮ ಲೊರೇನ್, ಈ ಆಗಸ್ಟಿನಲ್ಲಿ ತೀರಿಕೊಂಡರು.

"ಸೌಜನ್ಯ, ವಾಪಸ್ ಹೋಗೋಣ ನಡಿ," ಎಂದ ಮೆಲ್ಲಗೆ.

"ಈಗ ತಾನೇ ಬಂದ್ವಲ್ಲ! ಏನಾಯ್ತು?"

"ಆ ಫೋಟೊ ನೋಡು. ಎದೆಯುರಿ ಅಂತ ಮನೆಗೆ ಕಳಿಸ್ದೆನಲ್ಲ, ಅವರೇ."

ಸೌಜನ್ಯಳ ಮುಖ ಬಿಳಿಚಿಕೊಂಡಿತು. ಪರ್ತ್‌ನ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಉತ್ತಮ್ ಡಾಕ್ಟರು. ಅವನು ಮನೆಗೆ ಕಳಿಸಿದ ಮರುದಿನ ಬೆಳಿಗ್ಗೆ ಆ ಹೆಂಗಸು ಹೃದಯಾಘಾತದಿಂದ ಸತ್ತಿದ್ದರು. ತನಿಖೆ ಇನ್ನೂ ಮುಗಿದಿರಲಿಲ್ಲ. ಸತ್ತವರ ಕಡೆಯವರೊಡನೆ ಒಂದು ಮಾತೂ ಆಡಕೂಡದೆಂದು ವಕೀಲರು ಎರಡೆರಡು ಸಲ ಹೇಳಿದ್ದರು.

ಆದರೆ ಎಂಟು ವರ್ಷದ ಇಂಚರಾ ಆಗಲೇ ಪೈನ್ ಮರಗಳ ಸಾಲಿನೊಳಕ್ಕೆ ಓಡಿಯಾಗಿತ್ತು. ಈ ಕ್ರಿಸ್ಮಸ್ಸಿಗೆ ನಿಜವಾದ ಮರವೇ ಬೇಕೆಂದು ತಿಂಗಳಿನಿಂದ ಅವಳ ಹಟ. ಮೈಸೂರಿನ ಮನೆಯಲ್ಲಿ ತನ್ನಪ್ಪ ಸರ್ವೆಮರದ ಕೊಂಬೆ ತಂದು ಮರಳು ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸುತ್ತಿದ್ದ ಕಥೆ ಹೇಳಿ ಆ ಆಸೆ ಹುಟ್ಟಿಸಿದವನು ಉತ್ತಮನೇ.

"ಡ್ಯಾಡ್, ದಿಸ್ ಒನ್! ದಿಸ್ ಒನ್!"

ಅವಳು ತಬ್ಬಿಕೊಂಡಿದ್ದ ಮರದ ಪಕ್ಕದಲ್ಲಿ ಹುಲ್ಲಿನ ಹ್ಯಾಟು ಹಾಕಿದ್ದ ಮುದುಕನೊಬ್ಬ ಕೈಗರಗಸ ಹಿಡಿದು ನಿಂತಿದ್ದ. "ನಾನು ಕೆನ್, ಈ ತೋಟ ನನ್ನದೇ," ಎಂದ ಇಂಗ್ಲಿಷಿನಲ್ಲಿ. "ಈ ಬೇಸಿಗೆಯ ಬಿಸಿಲಿಗೆ ಒಂದು ಕಿಡಿ ಹಾರಿದರೂ ಗುಡ್ಡವೇ ಹೊತ್ತಿಕೊಳ್ಳುತ್ತದೆ, ಅದಕ್ಕೇ ಇವತ್ತು ಮೋಟಾರು ಗರಗಸ ಮುಟ್ಟುವಂತಿಲ್ಲ. ಸ್ವಲ್ಪ ಕಾಂಡ ಹಿಡಿದುಕೊಳ್ಳುತ್ತೀರಾ?"

ಉತ್ತಮ್ ತನ್ನ ಹೆಸರು ಹೇಳಲಿಲ್ಲ. ಮಂಡಿಯೂರಿ ಕಾಂಡ ಹಿಡಿದ. ಗರಗಸ ಆಡತೊಡಗಿತು. ಇಬ್ಬರ ಮುಖಗಳ ನಡುವೆ ಒಂದು ಮೊಳದಷ್ಟೂ ಅಂತರವಿರಲಿಲ್ಲ.

"ಎಲ್ಲಿಂದ ಬಂದಿರಿ?"

"ಥಾರ್ನ್ಲಿ."

"ಏನು ಕೆಲಸ?"

"ಸಾಫ್ಟ್‌ವೇರ್," ಎಂದಳು ಸೌಜನ್ಯ ಹಿಂದಿನಿಂದ, ಗಡಿಬಿಡಿಯಲ್ಲಿ.

"ನೋ ಮಮ್! ಡ್ಯಾಡ್ ಈಸ್ ಎ ಡಾಕ್ಟರ್. ಇನ್ ಎಮರ್ಜೆನ್ಸಿ!"

ಗರಗಸ ನಿಧಾನವಾಯಿತು. "ಯಾವ ಆಸ್ಪತ್ರೆ?" ಎಂದು ಕೆನ್ ಕೇಳಿದ. ಉತ್ತಮ್ ಹೇಳಿದ. ಗರಗಸ ಪೂರ್ತಿ ನಿಂತಿತು.

"ನನ್ನ ಹೆಂಡತಿಯನ್ನು ಅಲ್ಲಿಗೇ ಕರೆತಂದಿದ್ದೆ."

"ಗೊತ್ತು," ಎಂದ ಉತ್ತಮ್. "ಅವರನ್ನು ನೋಡಿದ ಡಾಕ್ಟರು ನಾನೇ."

"ಉತ್ತಮ್, ಬೇಡ," ಸೌಜನ್ಯ ಕನ್ನಡದಲ್ಲಿ ಗದರಿದಳು. "ಲಾಯರ್ ಏನ್ ಹೇಳಿದಾರೆ? ಎದ್ದೇಳು, ಕಾರಿಗೆ ನಡಿ. ಇಂಚರಾ, ಬಾ ಇಲ್ಲಿ!"

ಕೆನ್ ಅವಳತ್ತ ತಿರುಗಲಿಲ್ಲ. "ನಾನು ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಹೊರಗೇ ಉಳಿದೆ. ದವಡೆಯೂ ನೋಯುತ್ತಿದೆ ಅನ್ನುವುದನ್ನು ಡಾಕ್ಟರಿಗೆ ಮರೆಯದೆ ಹೇಳು ಅಂತ ಹೇಳಿಯೇ ಅವಳನ್ನು ಇಳಿಸಿದ್ದೆ. ಅವಳು ಹೇಳಲೇ ಇಲ್ಲವಂತೆ. ಆಸ್ಪತ್ರೆಯಿಂದ ಬಂದ ಕಾಗದದಲ್ಲಿ ಹಾಗೇ ಇದೆ."

ಆ ಕಾಗದದ ಮಾತು ಹುಟ್ಟಿದ್ದು ಉತ್ತಮ್ ಬರೆದಿದ್ದ ಟಿಪ್ಪಣಿಯಿಂದ. ಅಂದು ಹೊರಗೆ ರೋಗಿಗಳು ಕಿಕ್ಕಿರಿದಿದ್ದರು. ಲೊರೇನ್ ಎಡದವಡೆಗೆ ಅಂಗೈ ಒತ್ತಿಕೊಂಡು ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು. ಎದೆಯ ಜೊತೆ ದವಡೆಯೂ ನೋಯುವುದು ಹೃದಯಾಘಾತದ ಸುಳಿವೆಂದು ಅವನಿಗೆ ಗೊತ್ತಿತ್ತು. ಇದನ್ನು ಅವನು ತನಿಖೆಯವರಿಗಾಗಲಿ ಸೌಜನ್ಯಳಿಗಾಗಲಿ ಹೇಳಿರಲಿಲ್ಲ. ಈಗಲೂ ಎದ್ದು ಹೋಗಿಬಿಡಬಹುದಿತ್ತು. ಅವನು ಕಾಂಡ ಬಿಡಲಿಲ್ಲ.

"ಹೇಳಿದ್ದರು," ಎಂದ. "ದವಡೆ ಮುಟ್ಟಿ ತೋರಿಸಿದರು. ಇದನ್ನು ಹೇಳಲೇಬೇಕು ಅಂತ ಗಂಡ ಹೇಳಿ ಕಳಿಸಿದ್ದಾರೆ ಅಂದರು. ನಾನು ಬರೆಯಲಿಲ್ಲ. ಆಮೇಲೆ ತನಿಖೆಯವರು ಕೇಳಿದಾಗ ನೆನಪಿಲ್ಲ ಅಂದುಬಿಟ್ಟೆ."

ಸೌಜನ್ಯ ಅವನನ್ನೇ ನೋಡುತ್ತಾ ನಿಂತಳು.

ಕೆನ್ ಎದ್ದ. ಗರಗಸ ಅವನ ಕೈಯಲ್ಲೇ ಇತ್ತು. ನಾಲ್ಕು ಹೆಜ್ಜೆ ಆಚೆ ಹೋಗಿ, ಬೆನ್ನು ಮಾಡಿ ನಿಂತ. ಸೌಜನ್ಯ ಮಗಳನ್ನು ಎಳೆದು ಸೊಂಟಕ್ಕೆ ಅವಚಿಕೊಂಡಳು.

"ನಾಲ್ಕು ತಿಂಗಳು," ಎಂದ ಕೆನ್. "ನಾಲ್ಕು ತಿಂಗಳಿಂದ ಅವಳ ಮೇಲೆ ಸಿಟ್ಟಾಗಿದ್ದೆ. ಹೆಡ್ಡಿ, ಒಂದೇ ಒಂದು ಮಾತು ಹೇಳಲಿಕ್ಕೆ ಏನಾಗಿತ್ತು ನಿನಗೆ, ಅಂತ."

ಅವನು ಉತ್ತಮನ ಕಡೆ ತಿರುಗಿದ.

"ಇದನ್ನು ಅಲ್ಲೂ ಹೇಳುತ್ತೀರಾ? ತನಿಖೆಯವರ ಮುಂದೆ?"

"ಹೇಳುತ್ತೇನೆ. ಸೋಮವಾರವೇ."

ಕೆನ್ ವಾಪಸು ಬಂದು ಗರಗಸದ ಹಿಡಿಯನ್ನು ಅವನತ್ತ ಚಾಚಿದ. "ಇನ್ನು ನನ್ನಿಂದಾಗದು. ಮಗು ಆರಿಸಿದ್ದಾಳೆ, ನೀವೇ ಮುಗಿಸಿ."

ಅಷ್ಟು ಹೇಳಿ ಮುದುಕ ಮರವನ್ನು ಎರಡೂ ತೋಳುಗಳಿಂದ ಬಳಸಿ ಹಿಡಿದು ಸೂಜಿ ಎಲೆಗಳೊಳಗೆ ಮುಖ ಹುದುಗಿಸಿದ. ಹ್ಯಾಟು ಕೆಳಗೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ. ಉತ್ತಮ್ ಕಾದ ನೆಲದ ಮೇಲೆ ಬೋರಲಾಗಿ ಮಲಗಿ, ಹಳೆಯ ಗಾಯದಲ್ಲೇ ಗರಗಸ ಹೊಂದಿಸಿ ಎಳೆದ. ಅದು ಕಚ್ಚಿಕೊಂಡಿತು. ಮತ್ತೆ ಎಳೆದ. ಮತ್ತೆ ಕಚ್ಚಿಕೊಂಡಿತು.

"ಒತ್ತಬೇಡಿ," ಎಂಬ ಒಡಕು ದನಿ ಎಲೆಗಳೊಳಗಿಂದ ಬಂತು. "ನಿಧಾನ."

ಉತ್ತಮ್ ನಿಧಾನವಾಗಿ ಎಳೆದ. ಹಸಿ ಮರದ ಬಿಳಿ ಪುಡಿ ಅವನ ಮಣಿಕಟ್ಟಿನ ಮೇಲೆ ಉದುರತೊಡಗಿತು.