ಕಾಲು ಸುತ್ತು

ಐದನೆಯ ಗುಂಡೂ ಕಪ್ಪು ವೃತ್ತದೊಳಕ್ಕೇ ಹೋಯಿತು. ಹೆಂಡತಿ ಕೈ ಇಳಿಸಿ ಗಂಡನ ಮುಖ ನೋಡಿದಳು.

"ಸರಿಯಾಗಿ ಬಿತ್ತೇನ್ರೀ?"

ಲಿಫ್ಟ್ ಮೆಕ್ಯಾನಿಕ್ಕಾದ ಗಂಡ ಹಿತ್ತಲ ಗೋಡೆಯ ತನಕ ಹೋಗಿ, ಹಲಗೆಗೆ ಅಂಟಿಸಿದ್ದ ಕಾಗದವನ್ನು ಬಿಡಿಸಿಕೊಂಡು ಬಂದ. ಐದೂ ತೂತುಗಳನ್ನು ಒಂದು ಕೋಟಿನ ಗುಂಡಿಯಿಂದ ಮುಚ್ಚಬಹುದಿತ್ತು.

"ಬಿತ್ತು," ಎಂದ. ಇನ್ನೇನಾದರೂ ಹೇಳಬೇಕಿತ್ತೆಂದು ಗೊತ್ತಿತ್ತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ.

ಅವಳ ಕೈಗೆ ಪಿಸ್ತೂಲು ಕೊಟ್ಟವನು ಅವನೇ. ಕೆಲಸದಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದು ಪ್ಲಾಸ್ಟರ್ ಬಿದ್ದಿತ್ತು. ಗ್ಯಾಸಿನಿಂದ ನಡೆಯುವ ಹಳೆಯ ಗಾಳಿ ಪಿಸ್ತೂಲು ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿದ್ದರೆ ಒಳಗಿನ ರಬ್ಬರ್ ವಾಷರುಗಳು ಒಣಗಿ ಬಿರುಕು ಬಿಡುತ್ತವೆ. "ಸುಮ್ನೆ ಗೋಡೆ ಕಡೆ ನಾಲ್ಕು ಸಲ ಹೊಡಿ, ಗ್ಯಾಸ್ ಸೋರತ್ತಾ ನೋಡ್ಬೇಕು" ಎಂದಿದ್ದ. ಗ್ಯಾಸೇನೋ ಸೋರಲಿಲ್ಲ.

ಆ ಪಿಸ್ತೂಲು ಅವನ ಕೈಗೆ ಬಂದು ಹದಿನೆಂಟು ವರ್ಷವಾಗಿತ್ತು. ಗುಜರಿಯವನ ಹತ್ತಿರ ಬಿಸ್ಕತ್ತಿನ ಡಬ್ಬದಲ್ಲಿ ಬಿಡಿಬಿಡಿಯಾಗಿ ಬಿದ್ದಿತ್ತು. ತಯಾರಿಸಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿ ಬಿಡಿಭಾಗ ಎಲ್ಲಿಯೂ ಸಿಗುತ್ತಿರಲಿಲ್ಲ. ಅವನು ವಾಷರುಗಳನ್ನು ಹಾಳೆಯಿಂದ ಕತ್ತರಿಸಿ ಮಾಡಿದ, ಮುರಿದ ಸ್ಪ್ರಿಂಗಿಗೆ ತಾನೇ ತಂತಿ ಸುತ್ತಿದ. ಹಿಡಿಯೊಳಗೆ ಹೆಬ್ಬೆರಳಿನಷ್ಟು ದಪ್ಪದ ಗ್ಯಾಸ್ ಸಿಲಿಂಡರ್ ಕೂರಿಸಿ, ಹತ್ತು ಸೀಸದ ಗುಂಡು ತುಂಬಿದರೆ ಆಯಿತು. ಪ್ರತಿ ಸಲ ಎಳೆದು ಸಜ್ಜು ಮಾಡುವ ಗೋಜಿಲ್ಲ, ಟ್ರಿಗರ್ ಒತ್ತಿದಂತೆಲ್ಲ ಒಂದರ ಹಿಂದೊಂದು ಗುಂಡು ತಾನಾಗಿ ಹಾರುತ್ತಿತ್ತು. ಹೊಸ ಸಿಲಿಂಡರ್ ಹಾಕುವಾಗಲೆಲ್ಲ ಅದರ ಮೂತಿಗೆ ಒಂದೇ ತೊಟ್ಟು ಎಣ್ಣೆ, ಎರಡು ಬೀಳಕೂಡದು. ಇಷ್ಟೆಲ್ಲ ಮಾಡಿಯೂ ಅವನ ಗುರಿ ಮಾತ್ರ ಹದಿನೆಂಟು ವರ್ಷದಿಂದ ಇದ್ದಲ್ಲೇ ಇತ್ತು. ಊರಿನ ಶೂಟಿಂಗ್ ಕ್ಲಬ್ಬಿನ ಪಟ್ಟಿಯಲ್ಲಿ ಆರನೆಯವನೋ ಏಳನೆಯವನೋ.

ಹೆಂಡತಿ ಟೈಲರ್. ದಿನವಿಡೀ ಸೂಜಿಯ ಕಣ್ಣು ನೋಡುವವಳು. ಪ್ಲಾಸ್ಟರ್ ಬಿಚ್ಚುವಷ್ಟರಲ್ಲಿ ಅವಳೂ ಭಾನುವಾರ ಬೆಳಿಗ್ಗೆ ಕ್ಲಬ್ಬಿಗೆ ಬರತೊಡಗಿದ್ದಳು. ಕ್ಲಬ್ಬು ನೋಡಿಕೊಳ್ಳುತ್ತಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಅವಳ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಈ ಪಿಸ್ತೂಲು ಇಷ್ಟು ವರ್ಷ ಈಯಮ್ಮನಿಗೇ ಕಾಯ್ತಿತ್ತು ಕಣಯ್ಯಾ!" ಎಂದರು. ಎಲ್ಲರೂ ನಕ್ಕರು. ಅವನೂ ನಕ್ಕ. ಮನೆಗೆ ಬಂದು ಚೊಕ್ಕ ಮಾಡಲು ಕೂತಾಗ ಹಿಡಿಯ ಗೀರುಗಳಲ್ಲಿ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನ ನೀಲಿ ಪುಡಿ ಕಂಡಿತು. ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ತೆಗೆದ. ಮುಂದಿನ ವಾರ ಮತ್ತೆ ಇತ್ತು.

ವರ್ಷದ ಪಂದ್ಯಕ್ಕೆ ಇಬ್ಬರೂ ಹೆಸರು ಕೊಟ್ಟರು. ಮೊದಲ ಸರದಿ ಅವನದು. ಇಪ್ಪತ್ತು ಗುಂಡು ಹೊಡೆದು, ಅಂಕ ಕೇಳಿಸಿಕೊಂಡು, ಮೂಲೆಯ ಮೇಜಿಗೆ ಬಂದು ಅದೇ ಪಿಸ್ತೂಲಿಗೆ ಅವಳ ಸರದಿಗೆಂದು ಸಿಲಿಂಡರ್ ಬದಲಿಸಿದ. ಎಣ್ಣೆ ತೊಟ್ಟಿಕ್ಕಿದ. ಆಚೆ ಹೆಂಡತಿ ಯಾರದೋ ಮಾತಿಗೆ ತಲೆಯಾಡಿಸುತ್ತ ನಿಂತಿದ್ದಳು. ಮೇಷ್ಟ್ರು ಅವಳಿಗಾಗಿ ಕುರ್ಚಿ ಎಳೆದು ಹಾಕುತ್ತಿದ್ದರು. ಅವನಿಗೆ ಯಾರೂ ಯಾವತ್ತೂ ಕುರ್ಚಿ ಹಾಕಿದವರಲ್ಲ. ಸಣ್ಣ ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ಗುರಿ ನೋಡುವ ಹಿಂದಿನ ಪಟ್ಟಿಯ ಸ್ಕ್ರೂವಿಗೆ ಅದನ್ನು ಕೊಟ್ಟು ತಿರುಗಿಸಿದ.

ಅವಳ ಮೊದಲ ಮೂರು ಗುಂಡು ಎಡಕ್ಕೆ, ವೃತ್ತದ ಆಚೆ ಬಿದ್ದವು. ಅವಳು ಪಿಸ್ತೂಲು ಇಳಿಸಿ ಸ್ವಲ್ಪ ಹೊತ್ತು ನಿಂತಳು. ಕಾಲು ಸರಿಪಡಿಸಿಕೊಂಡಳು. ನಾಲ್ಕನೆಯದು ಕಪ್ಪಿನ ಅಂಚಿಗೆ ತಾಗಿತು. ಉಳಿದ ಹದಿನಾರೂ ನಟ್ಟನಡುವೆ ಹೋಗಿ ಒಂದೇ ಹರಕಲಾಗಿ ಕೂತವು. ಎರಡನೆಯ ಸ್ಥಾನ. ಕ್ಲಬ್ಬಿನ ಇನ್ನೊಬ್ಬ ಸದಸ್ಯ, ಔಷಧಿ ಅಂಗಡಿಯವರು, ಮೊದಲನೆಯವರಾದರು.

ಪಂದ್ಯ ಮುಗಿಸಿ ಇಬ್ಬರೂ ನಡೆದೇ ಮನೆಗೆ ಹೊರಟರು. ಮನೆಯ ತಿರುವಿಗೆ ಬಂದಾಗ ಕೇಳಿದಳು.

"ಎಷ್ಟು ತಿರುಗಿಸಿದ್ರಿ?"

"ಏನು?"

"ಮೊದಲ ಮೂರು ನನ್ ಕೈಯಿಂದ ಆಗಿದ್ದು ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು. ಬೇಕಂತಲೇ ಬಲಕ್ಕೆ ಹಿಡಿದೆ, ನಡುವೆ ಬಿತ್ತು."

"ಹಳೇದಲ್ವಾ, ಸ್ಕ್ರೂ ಸಡಿಲ ಆಗಿರ್ಬೇಕು."

"ನೀವು ನೋಡ್ಕೊಳ್ಳೋ ಪಿಸ್ತೂಲಲ್ಲಿ?" ಅವಳು ನಿಂತೇಬಿಟ್ಟಳು. "ನಿಮ್ ಕೈ ಬಿದ್ದ ಮೇಲೆ ಅದರಲ್ಲಿ ಏನಾದ್ರೂ ಸಡಿಲ ಆಗಿದ್ದುಂಟಾ?"

ಹೌದೆಂದರೆ ಸುಳ್ಳು ಉಳಿಯುತ್ತಿತ್ತು, ಹದಿನೆಂಟು ವರ್ಷದ ಕೆಲಸ ಹೋಗುತ್ತಿತ್ತು. ಅದು ಅವನಿಂದಾಗಲಿಲ್ಲ.

"ಕಾಲು ಸುತ್ತು," ಎಂದ.

"ಮುಟ್ಬೇಡ ಅಂದಿದ್ರೆ ಮುಟ್ತಾನೇ ಇರ್ಲಿಲ್ಲ. ಒಂದ್ ಮಾತು ಹೇಳೋಕೆ ಬಾಯಿರ್ಲಿಲ್ವಾ ನಿಮಗೆ?" ಎಂದು ಮುಂದೆ ನಡೆದಳು.

ಮುಂದಿನ ಭಾನುವಾರ ಅವಳು ಹೊರಡಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಮನೆಯಲ್ಲಿ ಊಟ, ಮಾತು, ಎಲ್ಲವೂ ಅಳತೆ ತೆಗೆದಂತೆ ನಡೆದವು. ಪಿಸ್ತೂಲು ಮತ್ತೆ ಪೂರ್ತಿ ಅವನದೇ ಆಯಿತು. ಹಿಡಿಯ ಗೀರುಗಳು ಚೊಕ್ಕಟವಾಗಿದ್ದವು. ಬ್ರಷ್ಷು ಹಿಡಿದು ಕೂತರೆ ತಿಕ್ಕಲು ಏನೂ ಇರುತ್ತಿರಲಿಲ್ಲ.

ಮೂರನೆಯ ಭಾನುವಾರ ಔಷಧಿ ಅಂಗಡಿಯವರೇ ಕೇಳಿದರು, "ಎಲ್ರೀ ಅಕ್ಕ? ಸೋತಿದ್ದಕ್ಕೆ ಬೇಜಾರಾ? ಆ ಮೂರು ಗುಂಡು ಹಾಗೆ ಹೋಗ್ದೇ ಇದ್ದಿದ್ರೆ ನಾನೆಲ್ಲಿ ಗೆಲ್ತಿದ್ದೆ!"

"ಸೋತಿದ್ದು ಅವಳಲ್ಲ," ಎಂದ ಅವನು. ದನಿ ತಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಹೊಡೆಯಲು ನಿಂತಿದ್ದವರೂ ತಿರುಗಿ ನೋಡಿದರು. "ಅವತ್ತು ಗುರಿ ನೋಡೋ ಪಟ್ಟಿಯ ಸ್ಕ್ರೂ ತಿರುಗಿಸಿ ಕೊಟ್ಟೆ. ನಾನೇ. ಹೊಟ್ಟೆಕಿಚ್ಚಿಗೆ."

ಔಷಧಿ ಅಂಗಡಿಯವರು ಗೋಡೆಯಲ್ಲಿದ್ದ ತಮ್ಮ ಪ್ರಮಾಣಪತ್ರದ ಕಡೆ ನೋಡಿ ಮುಖ ತಿರುಗಿಸಿಕೊಂಡರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಕಟ್ಕೊಂಡ ಹೆಂಡತಿಗೇ ಹೀಗೆ ಮಾಡಿದ್ಯೇನಯ್ಯಾ?" ಎಂದರು ಕೊನೆಗೆ. "ಮನೆಗೆ ಹೋಗು. ಇವತ್ತು ನಿನ್ನ ಸರದಿ ಇಲ್ಲ."

ಹನ್ನೊಂದು ಗಂಟೆಯ ಬಿಸಿಲು. ಪಿಸ್ತೂಲಿನ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಪಕ್ಕದ ಓಣಿಯಿಂದ ಹಿತ್ತಲ ಬಾಗಿಲಿಗೆ ಬಂದ. ಚಿಲಕಕ್ಕೆ ಕೈ ಹಾಕಿದವನು ಬಾಗಿಲ ಕಂಬಿಗಳ ಸಂದಿಯಲ್ಲಿ ಅವಳನ್ನು ಕಂಡು ಅಲ್ಲೇ ನಿಂತ.

ಒಗೆದ ಬಟ್ಟೆಗಳ ನಡುವೆ ಹೆಂಡತಿ ಒಂದು ಪಕ್ಕಕ್ಕೆ ತಿರುಗಿ ನಿಂತಿದ್ದಳು. ಬಲಗೈಯಲ್ಲಿ ಪಿಸ್ತೂಲಿನ ಬದಲು ಅರ್ಧ ನೀರು ತುಂಬಿದ ಬಾಟಲಿ. ಕೈಯನ್ನು ಭುಜದ ಮಟ್ಟಕ್ಕೆ ನೀಟಾಗಿ ಚಾಚಿ, ಒಂದು ಕಣ್ಣು ಕಿರಿದು ಮಾಡಿ, ಗೋಡೆಯ ಮೇಲೆ ಖಾಲಿ ಬಿದ್ದಿದ್ದ ಹಲಗೆಯನ್ನೇ ನೋಡುತ್ತಿದ್ದಳು. ಬಾಟಲಿಯೊಳಗಿನ ನೀರು ಸ್ವಲ್ಪವೂ ಅಲುಗುತ್ತಿರಲಿಲ್ಲ. ಅವಳು ಉಸಿರು ಹಿಡಿದಿದ್ದಳು.

ಚಿಲಕ ಸದ್ದಾಗದಂತೆ ಅವನು ಬೆರಳುಗಳನ್ನು ಮೆಲ್ಲಗೆ ಹಿಂದೆಗೆದುಕೊಂಡ. ಅವಳು ಉಸಿರು ಬಿಡಲೆಂದು ಬಾಗಿಲಾಚೆ ಕಾಯುತ್ತ ನಿಂತ.