ಕೊಡವದ ಬ್ರಶ್

ಟಕ್, ಟಕ್, ಟಕ್.

ನಡುರಾತ್ರಿ ಕಳೆದ ಮೇಲೆ ಕೇಳಿದ ಆ ಸದ್ದಿಗೆ ಶರೊನ್ ತಟ್ಟನೆ ಎದ್ದು ಕುಳಿತಳು. ಮಾವ ಇಸಿದೋರ್ ದಿನಾ ಬೆಳಿಗ್ಗೆ ಶೇವಿಂಗ್ ಬ್ರಶ್ಶನ್ನು ಬೇಸಿನ್ನಿನ ಅಂಚಿಗೆ ಕುಟ್ಟಿ ನೀರು ಕೊಡವುವ ಸದ್ದು ಅದು. ಕದ್ರಿಯ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಕೇಳುತ್ತಿದ್ದಾಳೆ. ಆದರೆ ಇಷ್ಟು ಹೊತ್ತಿಗೆ? ಮಾವನಿಗೆ ಏನಾದರೂ ಆಯಿತೇ? ಆಮೇಲೆ ನೋಡಿದರೆ ಸದ್ದು ಬಂದದ್ದು ದಿಂಬಿನ ಪಕ್ಕದ ಮೊಬೈಲಿನಿಂದ. ವೀಡಿಯೊ ಕಾಲ್ ಮುಗಿಸುವ ಮೊದಲೇ ಅವಳಿಗೆ ಜೊಂಪು ಹತ್ತಿತ್ತು. ಅತ್ತ ಸೌದಿಯ ಮರಳುಗಾಡಿನ ಕ್ಯಾಂಪಿನಲ್ಲಿ ಗಂಡ ರೂಬನ್ ಕನ್ನಡಿಯ ಮುಂದೆ ನಿಂತು ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ.

"ಈ ಹೊತ್ತಿಗೆ ಎಂತ ಶೇವ್?"

"ಪ್ರಾಕ್ಟೀಸ್ ಮಾರಾಯ್ತಿ. ಈ ಕೆನ್ನೆ ಮುಗಿಸುವಷ್ಟರಲ್ಲಿ ಆ ಕೆನ್ನೆಯ ನೊರೆ ಒಣಗಿ ಸುಣ್ಣ ಆಗ್ತದೆ. ಇಲ್ಲಿಯ ಗಾಳಿಯೇ ಹಾಗೆ."

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಅವನಿರುವುದು ಗ್ಯಾಸ್ ಪ್ಲಾಂಟಿನಲ್ಲಿ. ವಿಷಗಾಳಿ ಸೋರಿದರೆ ಕಾಪಾಡುವುದು ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಒಂದೇ. ಎಲ್ಲಾದರೂ ಕೂದಲು ಉಳಿದರೆ ಅದು ಕೂರುವುದಿಲ್ಲ. ಒಣಗಿದ ನೊರೆಯ ಮೇಲೆ ಬ್ಲೇಡು ತಡವರಿಸಿ, ದವಡೆಯ ಕೆಳಗೆ ಗಾಯವಾಗಿ, ಅಷ್ಟಿಷ್ಟು ಗಡ್ಡ ಉಳಿದು, ಮೊದಲ ಮಾಸ್ಕ್ ಪರೀಕ್ಷೆಯಲ್ಲಿ ಅವನು ಫೇಲಾಗಿದ್ದ. ನಾಡಿದ್ದು ಇನ್ನೊಂದು. ಫೇಲಾಗಿ ಊರಿಗೆ ಬಂದರೆ ಬರಲಿ. ಹೇಗೋ ಪಾಸಾಗಿ, ಮಾರನೇ ದಿನ ಇದೇ ಹರಕುಮುರುಕು ಶೇವ್ ಮಾಡಿಕೊಂಡು ಒಳಗೆ ಹೋದರೆ? ಈ ಮಾತನ್ನು ಬಾಯಿಬಿಟ್ಟು ಹೇಳಲು ಹೆದರಿ, "ಗಾಯಕ್ಕೆ ಏನಾದರೂ ಹಚ್ಚು" ಎಂದಷ್ಟೇ ಅಂದಳು.

ಬೆಳಿಗ್ಗೆ ಮಾವ ಬ್ರಶ್ ಕುಟ್ಟುವಾಗ ಅವಳು ಹಿಂದೆಯೇ ನಿಂತಿದ್ದಳು.

"ಪಪ್ಪಾ, ಯಾಕೆ ಅಷ್ಟು ಕೊಡವುದು?"

"ನೀರು ಉಳಿದ್ರೆ ನೊರೆ ಗಂಜಿತಿಳಿ ಆಗ್ತದೆ. ಪಿತ, ಸುತ, ಪವಿತ್ರಾತ್ಮ ಅಂತ ಮೂರು ಸಲ ಕುಟ್ಟಬೇಕು. ರೂಬನಿಗೂ ನಾನೇ ಕಲಿಸಿದ್ದು."

ಸುಳ್ಳಲ್ಲ. ಭರಣಿಯೊಳಗಿನ ಉಪ್ಪೂ ಬೆವರುವ ಊರಿದು. ಆದರೆ ಒಣ ಮರಳುಗಾಡಿನಲ್ಲಿ ಆ ನೀರು ಉಳಿಯಬೇಕಲ್ಲವೇ?

ಸಂಜೆ ಅತ್ತೆ ಮಾವ ಇಗರ್ಜಿಯ ಪೂಜೆಗೆ ಹೊರಟದ್ದೇ ತಡ, ಶರೊನ್ ಮಾವನ ಬ್ರಶ್ಶು ಸೋಪು ಎತ್ತಿಕೊಂಡು ಕೋಣೆಗೆ ಹೋದಳು. ಎ.ಸಿ. ಹಾಕಿ, ಟೇಬಲ್ ಫ್ಯಾನನ್ನು ಮುಖಕ್ಕೇ ತಿರುಗಿಸಿದಳು. ಎಡಗೆನ್ನೆಗೆ ಕುಟ್ಟಿ ಕೊಡವಿದ ಬ್ರಶ್ಶಿನ ನೊರೆ. ಬಲಗೆನ್ನೆಯನ್ನು ಒದ್ದೆ ಮಾಡಿ, ಬ್ರಶ್ಶನ್ನು ಕೊಡವದೆ, ಒಡೆದ ತುಟಿಗೆಂದು ಇಟ್ಟಿದ್ದ ಗ್ಲಿಸರಿನ್ನಿನ ಎರಡು ಹನಿ ಸೇರಿಸಿ ಹಚ್ಚಿದಳು. ಕೈಕಟ್ಟಿ ಕುಳಿತಳು. ಎಡಗೆನ್ನೆ ಬಿಗಿಯತೊಡಗಿತು.

ಅಷ್ಟರಲ್ಲಿ ಕಾಲಿಂಗ್ ಬೆಲ್. ಗಂಡ ಗಲ್ಫಿಗೆ ಹೋದಂದಿನಿಂದ ಪ್ರತಿ ಬೆಲ್ಲೂ ಅವಳಿಗೆ ಕೆಟ್ಟ ಸುದ್ದಿಯೇ. ಇದ್ದ ಹಾಗೆಯೇ ಓಡಿ ಬಾಗಿಲು ತೆರೆದಳು. ದಿನಾ ಮೀನು ತರುವ ವಾರಿಜಾಕ್ಷಿ, ಬೆಳಿಗ್ಗೆ ಮರೆತುಹೋದ ಕೊಡೆ ಕೇಳಲು ಬಂದಿದ್ದಳು.

"ಅಯ್ಯೋ ದೇವರೇ! ಬಾಯಮ್ಮ, ಗಂಡ ಊರಲ್ಲಿ ಇಲ್ಲ ಅಂತ ಅವರ ಗಡ್ಡವೂ ನೀವೇ ತೆಗೆಯುದಾ?"

"ನಗಬೇಡ ಮಾರಾಯ್ತಿ. ಸರಿಯಾಗಿ ನೋಡಿ ಹೇಳು, ಯಾವುದು ಒಣಗಿದೆ?"

ವಾರಿಜಾಕ್ಷಿ ಬೆರಳಿನಿಂದ ಮೊದಲು ಎಡಗೆನ್ನೆ, ಆಮೇಲೆ ಬಲಗೆನ್ನೆ ಮುಟ್ಟಿದಳು. "ಇದು ಗೋಡೆಯ ಸುಣ್ಣ. ಇದು ಈಗ ಹಚ್ಚಿದ ಹಾಗೆ ಹಸಿ ಉಂಟು. ಎಂತ ಹರಕೆ ಇದು?"

"ಹರಕೆಯೇ ಅಂತ ತಿಳಕೋ. ಯಾರಿಗೂ ಹೇಳ್ಬೇಡ."

"ಹೇಳಿದ್ರೆ ನಂಬುವವರು ಯಾರು?" ಎಂದು ಕೊಡೆ ಹಿಡಿದು ನಗುತ್ತಲೇ ಮೆಟ್ಟಿಲಿಳಿದಳು.

ರಾತ್ರಿ ಶರೊನ್ ಗಂಡನಿಗೆ ಒಂದೊಂದೇ ಮಾತು ಅಳೆದು ಹೇಳಿದಳು. "ಬ್ರಶ್ ಕುಟ್ಟಬೇಡ. ಮುಖ ಒರಸಬೇಡ. ಒಂದು ಕೆನ್ನೆ ಮುಗಿದ ಮೇಲೆ ಇನ್ನೊಂದಕ್ಕೆ ಹಚ್ಚು. ಅಲ್ಲಿಯವರೆಗೆ ನೊರೆಯ ಮಗ್ಗಿಗೆ ಒದ್ದೆ ಬಟ್ಟೆ ಮುಚ್ಚಿಡು. ಕ್ಯಾಂಪಿನ ಕ್ಲಿನಿಕ್ಕಿನಲ್ಲಿ ಗ್ಲಿಸರಿನ್ ಕೇಳು, ನೊರೆಗೆ ಎರಡು ಹನಿ ಸೇರಿಸು."

"ಕುಟ್ಟಲಿಲ್ಲ ಅಂತ ಪಪ್ಪನಿಗೆ ಗೊತ್ತಾದ್ರೆ ನನ್ನನ್ನೇ ಕುಟ್ಟಿಯಾರು!"

ಪರೀಕ್ಷೆಯ ದಿನ ಅವಳು ಒಲೆಯ ಮೇಲಿನ ಸಾರನ್ನು ಎರಡು ಸಲ ಉಕ್ಕಿಸಿದಳು. ಮಧ್ಯಾಹ್ನ ಫೋಟೊ ಬಂತು. ನುಣುಪಾದ ಮುಖ, ಗಾಯವಿಲ್ಲದ ದವಡೆ, ಸುತ್ತಲೂ ಮಾಸ್ಕ್ ಒತ್ತಿದ ಕೆಂಪು ಗೆರೆ. ಆ ಗೆರೆ ಎಲ್ಲೂ ಕಡಿದಿರಲಿಲ್ಲ. "ಒಂದು ಚೂರೂ ಸೋರಲಿಲ್ಲ. ಇನ್ನು ದಿನಾ ಹೀಗೆಯೇ" ಎಂದು ಬರೆದಿದ್ದ. ಶರೊನ್ ಅಡುಗೆಮನೆಯ ನೆಲದ ಮೇಲೆಯೇ ಕುಳಿತು ಆ ಗೆರೆಯ ಮೇಲೆ ಬೆರಳಾಡಿಸಿದಳು.

ಮಗನ ಸುದ್ದಿ ತಮಗೂ ಮುಟ್ಟಿದ್ದರಿಂದ ಅಂಗಳದಲ್ಲಿ ಮಾವ ಆಗಲೇ ಪಕ್ಕದ ಮನೆಯ ಚಾರ್ಲ್ಸ್‌ನನ್ನು ಬೇಲಿಯ ಹತ್ತಿರ ನಿಲ್ಲಿಸಿಕೊಂಡಿದ್ದರು. "ಪಾಸಾದ ನೋಡು! ಹೇಗೆ ಪಾಸಾದ? ನಾನು ಕಲಿಸಿದ ಶೇವ್ ಅದು. ಪಿತ, ಸುತ, ಪವಿತ್ರಾತ್ಮ! ಅಲ್ವಾ ಶರೊನ್?"

ಬಾಗಿಲಿಗೆ ಬಂದ ಶರೊನ್ ಬಾಯಿ ತೆರೆದಳು. ಮಾವನ ಮುಖದ ಮೇಲಿನ ಬೆಳಕು ನೋಡಿದಳು.

"ಹೌದು ಪಪ್ಪಾ."

ಒಳಗೆ ಬಂದು ಗ್ಲಿಸರಿನ್ ಬಾಟಲಿಯನ್ನು ಅದರ ಜಾಗದಲ್ಲೇ ಇಟ್ಟಳು. ರೂಬನ್ ಬ್ರಶ್ ಕುಟ್ಟಲಿಲ್ಲ ಎಂಬುದನ್ನಾಗಲಿ, ತಾನು ಎರಡು ಕೆನ್ನೆಗೂ ನೊರೆ ಬಳಿದು ಕುಳಿತದ್ದನ್ನಾಗಲಿ ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿಕೊಂಡಳು. ವಾರಿಜಾಕ್ಷಿ ಹೇಳಿದರೂ ನಂಬುವವರು ಯಾರು?