ಸಾಬ್ ಕಾರಿನ ಸೀಟು, ಔನೆಯ ಸೋಫಾ

ನನ್ನ ಗಂಡ ಓಯ್ವನ ಅಕ್ಕ ಔನೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಎರಡನೇ ಮದುವೆಗೆ ಹೊರಟಾಗ ಒಂದೇ ಒಂದು ಆಸೆ ಹೇಳಿಕೊಂಡಳು. ಚರ್ಚಿಗೆ ನಮ್ಮ ಸಾಬ್ ಕಾರಿನಲ್ಲೇ ಹೋಗಬೇಕು. ಎಪ್ಪತ್ತೆರಡನೇ ಇಸವಿಯಲ್ಲಿ ಅವರಪ್ಪ ಕೊಂಡ ಸಾಸಿವೆ ಬಣ್ಣದ ಕಾರು ಅದು. ಎಂಜಿನ್ ಇವತ್ತಿಗೂ ಗಟ್ಟಿ. ಸೀಟುಗಳದ್ದೇ ಗೋಳು. ಐವತ್ತು ವರ್ಷ ಜನರನ್ನು ಹೊತ್ತು ಹೊದಿಕೆ ಹರಿದು, ಸ್ಪ್ರಿಂಗ್ ಹೊರಗೆ ಇಣುಕುತ್ತಿತ್ತು. ಹಿಂದೆ ಕೂತವರು ಏಳುವಾಗ ಬಟ್ಟೆಯಲ್ಲೊಂದು ತೂತು ಮಾಡಿಕೊಂಡೇ ಏಳುತ್ತಿದ್ದರು.

"ಮದುವೆ ಬಟ್ಟೇಲಿ ಇದರ ಮೇಲೆ ಕೂರಿಸ್ತೀಯಾ ಅವಳನ್ನ?" ಎಂದೆ.

"ಹೊಸ ಹೊದಿಕೆ ನಾನೇ ಹೊಲೀತೀನಿ ರಾಯ್ಲಿ. ಔನೆಗೆ ಮಾತ್ರ ಗೊತ್ತಾಗಬಾರದು. ಮದುವೆ ಉಡುಗೊರೆ."

ಓಯ್ವ ಮೂವತ್ತೆಂಟು ವರ್ಷ ಬಸ್ಸು ಓಡಿಸಿದವನು. ಸೂಜಿ ಹಿಡಿದದ್ದೇನಿದ್ದರೂ ಕೈಗೆ ಚುಚ್ಚಿದ ಸಿಬಿರು ತೆಗೆಯಲು. ಔನೆಯಾದರೋ ಲಾಹ್ತಿ ಊರಿನ ಪೀಠೋಪಕರಣದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಸೋಫಾಗಳಿಗೆ ಹೊದಿಕೆ ಹೊಲಿದವಳು. ನಮ್ಮ ಬಳಗದಲ್ಲಿ ಈ ಕೆಲಸ ಬಲ್ಲವಳು ಅವಳೊಬ್ಬಳೇ. ಅವಳನ್ನೇ ಕೇಳುವಂತಿಲ್ಲ.

ಏಪ್ರಿಲಿನಲ್ಲಿ ಸೀಟುಗಳು ಕಾರಿನಿಂದ ಇಳಿದು ನಮ್ಮ ನಡುಮನೆಗೆ ಬಂದವು. ಊಟದ ಮೇಜಿನ ಮೇಲೆ ಹಿಂದಿನ ಉದ್ದ ಸೀಟು, ಕಿಟಕಿಯ ಬಳಿ ಮುಂದಿನವು ಎರಡು. ನಾವು ಅಡುಗೆಮನೆಯಲ್ಲಿ ನಿಂತುಕೊಂಡೇ ಉಣ್ಣತೊಡಗಿದೆವು. ಓಯ್ವ ಹಳೆಯ ಹೊದಿಕೆಯನ್ನು ಬ್ಲೇಡಿನಿಂದ ಹೊಲಿಗೆಗುಂಟ ಬಿಚ್ಚಿ, ತುಂಡುಗಳನ್ನು ಹೊಸ ಹಸಿರು ರೆಕ್ಸಿನ್ ಮೇಲೆ ಹಾಸಿ, ಅಳತೆ ಗೆರೆ ಎಳೆದು ಕತ್ತರಿಸಿದ. ಎರಡು ದಿನ ಶ್ರಮಪಟ್ಟ ಮೇಲೆ ನೋಡಿದರೆ ಮುಂದಿನ ಎರಡೂ ಹೊದಿಕೆ ಎಡಗಡೆಯ, ಡ್ರೈವರ್ ಕೂರುವ ಸೀಟಿನವೇ.

"ಇಬ್ಬರು ಡ್ರೈವರ್ ಕೂರೋ ಕಾರು ಇದು," ಎಂದೆ.

ಅವನು ನಗಲಿಲ್ಲ. ಫೋನ್ ಎತ್ತಿ ಅಕ್ಕನಿಗೇ ಹಚ್ಚಿದ. ಅವಳ ಗಂಟಲು ದೊಡ್ಡದು, ಪಕ್ಕದಲ್ಲಿದ್ದ ನನಗೆ ಎಲ್ಲವೂ ಕೇಳುತ್ತಿತ್ತು.

"ಔನೆ, ಸುಮ್ನೆ ಕೇಳ್ತಿದೀನಿ. ಒಬ್ಬ ಮನುಷ್ಯ ಹಳೇ ಸೋಫಾಗೆ ಹೊಸ ಹೊದಿಕೆ ಹಾಕಬೇಕು ಅಂದ್ರೆ, ಎಡ ಬಲ ಅದಲುಬದಲಾಗದ ಹಾಗೆ ಏನು ಮಾಡಬೇಕು?"

"ಯಾವ ಮನುಷ್ಯ?"

"ಯಾರೋ ಒಬ್ಬ. ಬಸ್ ಡಿಪೋದವನು."

"ಬಿಚ್ಚೋಕೆ ಮುಂಚೆ ಪ್ರತಿ ತುಂಡಿನ ಮೇಲೂ ಸೀಮೆಸುಣ್ಣದಲ್ಲಿ ಬರೀಬೇಕು ಅಂತ ಹೇಳು ಆ ದಡ್ಡನಿಗೆ. ಎಷ್ಟು ಜನ ಕೂರೋ ಸೋಫಾ?"

ಓಯ್ವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಒಂದು ಉದ್ದದ್ದು. ಬಿಡಿಯಾಗಿ ಎರಡು."

"ಓಹೋ, ಮೂರು ತುಂಡಿನ ಸೆಟ್ಟು!"

"ಹೂಂ. ಬಿಡಿಯವಕ್ಕೆ ಬೆನ್ನು ಹಿಂದಕ್ಕೆ ಒರಗುತ್ತೆ."

"ಒರಗುತ್ತೆ ಬೇರೆ!" ಔನೆಯ ದನಿಯಲ್ಲಿ ಎಂಥದೋ ಸಡಗರ. "ಏನು ಬಣ್ಣ?"

"ಹಸಿರು."

"ಒಳ್ಳೇ ಬಣ್ಣ," ಎಂದಳು ಮೆತ್ತಗೆ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಆಮೇಲೆ ವಾರಕ್ಕೆ ಎರಡು ಸಲ ಫೋನು ಹೋಗುತ್ತಿತ್ತು. ಯಾವ ಸೂಜಿ, ಎಷ್ಟು ದಪ್ಪದ ದಾರ, ಎಲ್ಲವನ್ನೂ ಔನೆ ತಾಳ್ಮೆಯಿಂದ ಹೇಳಿಕೊಟ್ಟಳು. ನನ್ನಮ್ಮನ ಹೊಲಿಗೆ ಯಂತ್ರದ ನಾಲ್ಕು ಸೂಜಿ ಮುರಿದ ಮೇಲೆ ಓಯ್ವನನ್ನು ಎಬ್ಬಿಸಿ ನಾನೇ ಕೂತೆ. ನೆಟ್ಟಗಿರುವ ಹೊಲಿಗೆಗಳೆಲ್ಲ ನನ್ನವು.

ಮೇ ತಿಂಗಳಲ್ಲಿ ಹೊದಿಕೆಗಳೇನೋ ಸಿದ್ಧವಾದವು, ಸೀಟಿನ ಮೇಲೆ ಮಾತ್ರ ಏರಲೊಲ್ಲವು. ರೆಕ್ಸಿನ್ ಹಲಗೆಯಂತೆ ಸೆಟೆದಿತ್ತು. ಒಂದು ಮೂಲೆ ಎಳೆದು ಸಿಕ್ಕಿಸಿದರೆ ಇನ್ನೊಂದು ಕಳಚಿಕೊಳ್ಳುತ್ತಿತ್ತು.

"ಬಿಸಿ ಮಾಡಬೇಕು ಕಣೋ, ಆಗ ಹಿಗ್ಗುತ್ತೆ," ಎಂದಳು ಔನೆ ಫೋನಿನಲ್ಲಿ. "ಕಾರ್ಖಾನೇಲಿ ಹಬೆ ಇತ್ತು. ಆ ಡಿಪೋದವನ ಮನೇಲಿ ಹಬೆ ಎಲ್ಲಿಂದ ಬರಬೇಕು?"

ಓಯ್ವ ನನ್ನ ಮುಖ ನೋಡಿದ. ನಾನು ಅಂಗಳದಾಚೆಯ ನಮ್ಮ ಸೌನಾ, ಅಂದರೆ ಹಬೆಸ್ನಾನದ ಕೋಣೆಯ ಕಡೆ ನೋಡಿದೆ.

ಆ ಶನಿವಾರ ಮಧ್ಯಾಹ್ನವೇ ಒಲೆಗೆ ಬರ್ಚ್ ಸೌದೆ ಹಾಕಿದೆವು. ಸೀಟುಗಳನ್ನು ಮೇಲಿನ ಹಲಗೆಯ ಮೇಲೆ ಸಾಲಾಗಿ ಕೂರಿಸಿ, ಬಟ್ಟೆ ಕಳಚಿ ನಾವೂ ಒಳಗೆ ಹೋದೆವು. ಸೌನಾದಲ್ಲಿ ಬಟ್ಟೆ ಹಾಕಿಕೊಂಡು ದುಡಿಯಲಾದೀತೇ? ಒಲೆಯ ಕಾದ ಕಲ್ಲುಗಳ ಮೇಲೆ ನೀರೆರಚಿದಾಗ ಹಬೆ ಎದ್ದಿತು, ರೆಕ್ಸಿನ್ ಹೊಸದಾಗಿ ಕಲಸಿದ ಹಿಟ್ಟಿನಂತೆ ಮೆತ್ತಗಾಯಿತು. ನಾನು ಸೀಟಿನ ಮೇಲೆ ಮೊಣಕಾಲೂರಿ ಒತ್ತಿದೆ. ಓಯ್ವ ಹಲ್ಲು ಕಚ್ಚಿ ಹೊದಿಕೆ ಎಳೆಯುತ್ತ ಅದನ್ನು ಸೀಟಿಗೆ ಹಿಡಿಸುವ ತಂತಿಯ ಬಳೆಗಳನ್ನು ಇಕ್ಕಳದಿಂದ ಬಿಗಿಯತೊಡಗಿದ.

"ಎಳಿ! ಇನ್ನೂ ಎಳಿ!"

"ಎಳೀತಾನೇ ಇದೀನಿ! ನಿನ್ನ ಮೊಣಕಾಲು ತೆಗಿ, ನನ್ನ ಬೆರಳು ಅದರಡಿ ಇದೆ!"

ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಔನೆಯನ್ನು ಮದುವೆಯಾಗಲಿದ್ದ, ಆಗಲೇ ಅವಳ ಮನೆಯಲ್ಲೇ ಇದ್ದ ಕಲೆರ್ವೊ, ಹೆಗಲ ಮೇಲೆ ಟವೆಲು. ಶನಿವಾರದ ಸೌನಾಕ್ಕೆ ಅವನನ್ನು ಓಯ್ವನೇ ಕರೆದಿದ್ದನಂತೆ, ಮರೆತೇಬಿಟ್ಟಿದ್ದ. ಕಲೆರ್ವೊ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಮೈಯೆಲ್ಲ ಬೆವರಿಳಿಯುತ್ತ ನಿಂತ ನಮ್ಮಿಬ್ಬರನ್ನು ನೋಡಿದ, ಕಾರಿನ ಸೀಟುಗಳನ್ನು ನೋಡಿದ. ಆಮೇಲೆ ಹೊಸ ಹೊದಿಕೆಯ ಸೀಟಿನ ಮೇಲೆ ಟವೆಲು ಹಾಸಿಕೊಂಡು ಕೂತ.

"ಚೆನ್ನಾಗಿದೆ ಕಾವು," ಎಂದ.

"ಕಲೆರ್ವೊ, ಔನೆಗೆ ಒಂದು ಮಾತೂ ಹೇಳಬೇಡ, ತಿಳೀತಾ?" ಎಂದ ಓಯ್ವ.

ಕಲೆರ್ವೊ ತಲೆಯಾಡಿಸಿದ.

ಜೂನ್ ಮೊದಲ ವಾರ ಮದುವೆ. ಹಸಿರು ಸೀಟಿನ ಸಾಬ್ ಕಾರು ಔನೆಯ ಮನೆಯ ಮುಂದೆ ನಿಂತಾಗ ಓಯ್ವನ ಎದೆ ಉಬ್ಬಿತ್ತು. ಔನೆ ನೀಲಿ ಉಡುಪಿನಲ್ಲಿ ಕೆಳಗಿಳಿದು ಬಂದಳು, ಹಿಂದೆ ಕಲೆರ್ವೊ. ಕಾರಿನ ಬಾಗಿಲು ತೆರೆದವಳು ಹಾಗೇ ನಿಂತಳು. ಬಗ್ಗಿ, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. ಕಣ್ಣು ತುಂಬಿ ಬಂತು.

"ನನಗೋಸ್ಕರ ಮಾಡಿದ್ಯಾ ಇದನ್ನ?"

"ಇನ್ಯಾರಿಗೆ?"

ತಮ್ಮನ ಕೆನ್ನೆ ತಟ್ಟಿದಳು. ಕಣ್ಣೊರೆಸಿಕೊಂಡಳು. ಒರೆಸಿಕೊಳ್ಳುತ್ತಿದ್ದ ಕೈ ಅರ್ಧಕ್ಕೇ ನಿಂತಿತು.

"ಒಂದು ಉದ್ದದ್ದು," ಎಂದಳು ನಿಧಾನವಾಗಿ. "ಬಿಡಿಯಾಗಿ ಎರಡು. ಬೆನ್ನು ಒರಗುತ್ತೆ. ಹಸಿರು." "ಓಯ್ವ, ನನ್ನ ಸೋಫಾ ಸೆಟ್ಟು ಎಲ್ಲೋ?"

"ಯಾವ ಸೆಟ್ಟು?"

"ಅಯ್ಯೋ, ಮದುವೆಗೆ ನೀನು ಸೋಫಾ ಸೆಟ್ಟು ಕೊಡ್ತೀಯ ಅಂತ, ಜಾಗ ಬೇಕಲ್ಲ ಅಂತ, ನನ್ನ ಸೋಫಾ, ಎರಡು ಕುರ್ಚಿ, ಎಲ್ಲಾನೂ ದಾನದ ಅಂಗಡಿಗೆ ಕೊಟ್ಟು ಹದಿನೈದು ದಿನ ಆಯ್ತಲ್ಲೋ! ಅಡುಗೆಮನೆ ಸ್ಟೂಲ್ ಮೇಲೆ ಕೂತ್ಕೊಂಡು ಟಿವಿ ನೋಡ್ತಿದೀವಿ!"

ನಾವು ಮೂವರೂ ಒಟ್ಟಿಗೆ ಕಲೆರ್ವೊನ ಕಡೆ ತಿರುಗಿದೆವು.

"ನಿನಗೆ ಗೊತ್ತಿತ್ತಾ ಇದು ಕಾರಿನ ಸೀಟು ಅಂತ?" ಎಂದಳು ಔನೆ.

"ಗೊತ್ತಿತ್ತು."

"ಸೋಫಾ ಮೆಟ್ಟಿಲಿಳಿಸೋವಾಗ ಒಂದು ಕಡೆ ಹಿಡಿದಿದ್ದು ನೀನೇ ತಾನೆ? ಯಾಕೆ ಬಾಯಿ ಬಿಡಲಿಲ್ಲ?"

"ಹೇಳಬೇಡ ಅಂದಿದ್ರು."

ಒಂದು ಗಳಿಗೆ ಈ ಮದುವೆ ಇಲ್ಲೇ ನಿಂತೀತು ಎಂದುಕೊಂಡೆ. ಔನೆ ಸೊಂಟದ ಮೇಲೆ ಕೈಯಿಟ್ಟು ಅವನನ್ನೇ ದಿಟ್ಟಿಸಿದಳು. ಅವಳ ಮೊದಲ ಗಂಡ ಹೊಟ್ಟೆಯಲ್ಲಿ ಒಂದು ಮಾತು ಇಟ್ಟುಕೊಳ್ಳದವನು, ಅವಳ ಸಂಗತಿಯೆಲ್ಲ ಊರಿಡೀ ಹಂಚುತ್ತಿದ್ದವನು. ಅದು ನೆನಪಾಯಿತೋ ಏನೋ, ತುಟಿಯ ಅಂಚು ಅದುರಿತು. ಆಮೇಲೆ ಕಾರಿನ ಬಾಗಿಲು ಹಿಡಿದುಕೊಂಡು ಬಿದ್ದು ಬಿದ್ದು ನಕ್ಕಳು.

"ನಡಿ," ಎಂದಳು. "ಗುಟ್ಟು ಉಳಿಸೋ ಗಂಡಸು ಈ ವಯಸ್ಸಲ್ಲಿ ಇನ್ನೊಬ್ಬ ಸಿಗ್ತಾನಾ?"

ಮದುವೆ ಆಯಿತು. ಚರ್ಚಿನ ಪಕ್ಕದ ಸಭಾಂಗಣದಲ್ಲಿ ಕಾಫಿ, ಏಲಕ್ಕಿ ಬನ್ನು, ಕೇಕು ಎಲ್ಲ ಮುಗಿದ ಮೇಲೆ ಅವರನ್ನು ಮನೆಗೆ ಬಿಟ್ಟೆವು. ಯಾರೂ ಹೇಳದೆಯೇ ಓಯ್ವ ಸಲಕರಣೆಯ ಪೆಟ್ಟಿಗೆ ತೆಗೆದ. ಹಿಂದಿನ ಸೀಟನ್ನು ಬಿಚ್ಚಿ, ಅವನೂ ಕಲೆರ್ವೊನೂ ಮದುವೆಯ ಕೋಟಿನಲ್ಲೇ ಮೂರನೇ ಮಹಡಿಗೆ ಹೊತ್ತರು. ಟಿವಿಯ ಎದುರು ನಾಲ್ಕು ಇಟ್ಟಿಗೆ ಇಟ್ಟು ಅದರ ಮೇಲೆ ಕೂರಿಸಿದರು.

ಔನೆ ಕೂತಳು. ಒಮ್ಮೆ ಮೇಲೆ ಕೆಳಗೆ ಕುಪ್ಪಳಿಸಿ ನೋಡಿದಳು. ಅಂಚಿನ ಹೊಲಿಗೆಗೆ ಕನ್ನಡಕ ತಾಗುವಷ್ಟು ಬಗ್ಗಿ ಪರೀಕ್ಷಿಸಿದಳು.

"ಈ ಸೊಟ್ಟ ಹೊಲಿಗೆ ಓಯ್ವನದು. ನೆಟ್ಟಗಿರೋದು ಯಾರದು?"

ಓಯ್ವ ಕಿಟಕಿಯಾಚೆ ನೋಡತೊಡಗಿದ. ನಾನು ಕೈಯೆತ್ತಿದೆ.

"ಸೋಮವಾರ ದಾರ ತಗೊಂಡು ಬಾ ರಾಯ್ಲಿ," ಎಂದಳು ಔನೆ. "ನಾವಿಬ್ಬರೂ ಸೇರಿ ಒಂದು ಸೋಫಾ ಮಾಡೋಣ. ಓಯ್ವ ಕಾಫಿ ಮಾಡ್ಕೊಡಲಿ."